ಕೊನೆಯ ಮನೆಯಿಂದ ಲೆಕ್ಕ ಶುರು ಮಾಡಿ: ಒಳ್ಳೆಯ ಊಟ, ಆಡೋ ಜಾಗ ಊರಿನ ಎಲ್ಲರಿಗೂ ಸಿಗುವಂತೆ ಮಾಡಲು ಒಂದು ಸಮಗ್ರ ಮಾರ್ಗದರ್ಶಿ

ಸಂಜೆ ಏಳೂಕಾಲು. ಗಾರ್ಮೆಂಟ್ಸ್ ವ್ಯಾನು ನಮ್ಮ ಬಡಾವಣೆಯ ತಿರುವಿನಲ್ಲಿ ನಿಲ್ಲುತ್ತದೆ. ಹತ್ತು ಹನ್ನೆರಡು ಹೆಣ್ಣುಮಕ್ಕಳು ಇಳಿಯುತ್ತಾರೆ. ಒಬ್ಬರು ಮೂಲೆ ಅಂಗಡಿಗೆ ಹೋಗಿ ಸೊಪ್ಪು ಇದೆಯಾ ಅಂತ ಕೇಳುತ್ತಾರೆ. ಬೆಳಿಗ್ಗೆ ಬಂದ ದಂಟಿನ ಸೊಪ್ಪು ಹತ್ತು ಗಂಟೆಗೇ ಖಾಲಿಯಾಗಿರುತ್ತದೆ. ಉಳಿದಿರುವುದು ಬಾಡಿದ ಕೊತ್ತಂಬರಿ, ಮೆತ್ತಗಾದ ಟೊಮೆಟೊ. ಅರ್ಧ ಕೆಜಿ ಟೊಮೆಟೊ, ಮಕ್ಕಳಿಗೆ ಹತ್ತು ರೂಪಾಯಿಯ ಎರಡು ಕುರುಕಲು ಪ್ಯಾಕೆಟ್ ತಗೊಂಡು ಅವರು ಮನೆಗೆ ಹೋಗುತ್ತಾರೆ. ರಾತ್ರಿಗೆ ಅನ್ನ, ಟೊಮೆಟೊ ಸಾರು.

ಮಂಡ್ಯ ಜಿಲ್ಲೆಯ ಒಂದು ಸಣ್ಣ ಪಟ್ಟಣದ ಅಂಚಿನಲ್ಲಿ ನಮ್ಮ ಮನೆ. ಇದನ್ನು ನಾನು ವರ್ಷಗಟ್ಟಲೆ ನೋಡಿದ್ದೇನೆ. ಆರೋಗ್ಯ ಶಿಬಿರಗಳಿಗೆ ಬಂದವರೆಲ್ಲ ಇದೇ ಹೆಣ್ಣುಮಕ್ಕಳಿಗೆ "ಸೊಪ್ಪು ತರಕಾರಿ ಜಾಸ್ತಿ ತಿನ್ನಿ, ದಿನಾ ವಾಕ್ ಮಾಡಿ" ಅಂತ ಹೇಳಿ ಹೋಗುತ್ತಾರೆ. ಈ ಹೆಣ್ಣುಮಕ್ಕಳಿಗೆ ಗೊತ್ತಿಲ್ವಾ? ಬಸ್ಸಾರು, ಮಸ್ಸೊಪ್ಪು ಮಾಡಿಯೇ ಬೆಳೆದವರು ಅವರು. ಅವರು ಮನೆಗೆ ಬರುವ ಹೊತ್ತಿಗೆ ಸೊಪ್ಪು ಇರುವುದಿಲ್ಲ, ನಡೆಯೋಣ ಅಂದರೆ ಬೀದಿ ದೀಪ ಇರುವುದಿಲ್ಲ. ಇಷ್ಟೇ ವಿಷಯ.

2019ರಿಂದ 21ರ ನಡುವೆ ನಡೆದ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ 15ರಿಂದ 49 ವರ್ಷದ ಹೆಂಗಸರಲ್ಲಿ ಶೇ. 47.8ರಷ್ಟು ಜನರಿಗೆ ರಕ್ತಹೀನತೆ ಇದೆ. ಅದೇ ಸಮೀಕ್ಷೆಯಲ್ಲಿ ಶೇ. 30ರಷ್ಟು ಹೆಂಗಸರ ತೂಕ ಇರಬೇಕಾದ್ದಕ್ಕಿಂತ ಜಾಸ್ತಿ. ಐದು ವರ್ಷದೊಳಗಿನ ಮಕ್ಕಳಲ್ಲಿ ಶೇ. 35.4ರಷ್ಟು ಮಕ್ಕಳು ವಯಸ್ಸಿಗೆ ತಕ್ಕ ಎತ್ತರ ಬೆಳೆದಿಲ್ಲ. ಒಂದೇ ಮನೆಯಲ್ಲಿ ಅಮ್ಮನಿಗೆ ಸಕ್ಕರೆ ಕಾಯಿಲೆ, ಮಗಳಿಗೆ ರಕ್ತ ಕಡಿಮೆ ಅನ್ನುವುದನ್ನು ನೀವೂ ನೋಡಿರುತ್ತೀರಿ. ಎರಡಕ್ಕೂ ಇರುವ ಬೇರುಗಳಲ್ಲಿ ಒಂದು: ತಟ್ಟೆ ತುಂಬ ಅನ್ನ, ಪಕ್ಕದಲ್ಲಿ ಬೇರೆ ಏನೂ ಇಲ್ಲ.

ನಿಮ್ಮ ಬೀದಿಯಲ್ಲಿ, ಹಳ್ಳಿಯಲ್ಲಿ ಇದನ್ನು ಬದಲಾಯಿಸಬೇಕು ಅನಿಸಿದ್ದರೆ ಈ ಬರಹ ನಿಮಗೆ. ದೊಡ್ಡ ಸಂಸ್ಥೆ ಬೇಡ, ದೊಡ್ಡ ದುಡ್ಡೂ ಬೇಡ. ಒಂದು ನೋಟ್‌ಬುಕ್, ಐದಾರು ಜನ, ಒಂದು ವರ್ಷದ ತಾಳ್ಮೆ ಬೇಕು.

1. ಜನ ಸೇರಿಸುವಾಗ ಜಾಗ ನೋಡಿ ಕೂರಿ

ಐದಾರು ಜನ ಸಾಕು. ಆದರೆ ಯಾರು ಅನ್ನುವುದು ಮುಖ್ಯ. ಆಶಾ ಕಾರ್ಯಕರ್ತೆ ಅಥವಾ ಅಂಗನವಾಡಿ ಟೀಚರ್ ಒಬ್ಬರು, ಸ್ತ್ರೀಶಕ್ತಿ ಅಥವಾ ಸಂಜೀವಿನಿ ಸಂಘದವರು ಒಬ್ಬರು, ತಳ್ಳುಗಾಡಿ ವ್ಯಾಪಾರಿ ಒಬ್ಬರು, ಹೈಸ್ಕೂಲು ಓದುವ ಹುಡುಗಿ ಒಬ್ಬಳು, ವಯಸ್ಸಾದವರು ಒಬ್ಬರು. ಕೂಲಿಗೆ ಹೋಗುವವರು ಇಲ್ಲದಿದ್ದರೆ ಆ ಗುಂಪು ಪೂರ್ತಿ ಆಗಿಲ್ಲ ಅಂತಲೇ ತಿಳಿಯಿರಿ.

ಸಭೆ ಎಲ್ಲಿ? ನಾವು ಮೊದಲ ಸಲ ದೇವಸ್ಥಾನದ ಜಗಲಿಯಲ್ಲಿ ಕರೆದೆವು. ದಲಿತರ ಕಾಲೋನಿಯಿಂದ ಒಬ್ಬರೂ ಬರಲಿಲ್ಲ. ಯಾಕೆ ಅಂತ ಯಾರೂ ಬಾಯಿಬಿಟ್ಟು ಹೇಳಲಿಲ್ಲ, ಹೇಳಬೇಕಾಗಿಯೂ ಇರಲಿಲ್ಲ. ಎರಡನೇ ಸಲ ಕಾಲೋನಿಯ ಅಂಗನವಾಡಿ ಮುಂದೆ, ಭಾನುವಾರ ಸಂಜೆ ಕರೆದೆವು. ಮೂವತ್ತು ಜನ ಬಂದರು. ನೀವು ಮೊದಲ ಸಭೆಯನ್ನೇ ಅಲ್ಲಿ ಇಟ್ಟುಕೊಳ್ಳಿ.

2. ನಡೆದು ನೋಡಿ, ಬರೆದುಕೊಳ್ಳಿ

ಇಡೀ ಕೆಲಸದ ಬೆನ್ನೆಲುಬು ಇದು. ಇದಕ್ಕೆ ಎರಡು ವಾರ ಕೊಡಿ, ಅವಸರ ಮಾಡಬೇಡಿ.

ಊರಿನ ನಡುವಿನಿಂದ ಲೆಕ್ಕ ಹಾಕಿದರೆ ಎಲ್ಲವೂ ಹತ್ತಿರವೇ ಕಾಣುತ್ತದೆ. ಅದಕ್ಕೆ ಕೊನೆಯ ಮನೆಯಿಂದ ಶುರು ಮಾಡಿ. ಆ ಮನೆಯ ಬಾಗಿಲಲ್ಲಿ ನಿಂತು ಗಡಿಯಾರ ನೋಡಿಕೊಳ್ಳಿ. ಅಲ್ಲಿಂದ ತರಕಾರಿ ಅಂಗಡಿಗೆ, ರೇಷನ್ ಅಂಗಡಿಗೆ, ಅಂಗನವಾಡಿಗೆ, ಶಾಲೆ ಮೈದಾನಕ್ಕೆ, ಸಂತೆಗೆ ನಡೆದು ಹೋಗಿ. ಎಷ್ಟು ನಿಮಿಷ ಹಿಡಿಯಿತು, ದಾರಿಯಲ್ಲಿ ಏನು ಅಡ್ಡ ಬಂತು, ಎಲ್ಲವನ್ನೂ ಬರೆಯಿರಿ. ಚರಂಡಿ ಮೇಲಿನ ಚಪ್ಪಡಿ ಒಡೆದಿದೆಯಾ, ನಾಯಿ ಕಾಟ ಇದೆಯಾ, ಹೆದ್ದಾರಿ ದಾಟಬೇಕಾ? ಇದೇ ದಾರಿಯನ್ನು ಬೆಳಿಗ್ಗೆ ಒಮ್ಮೆ, ರಾತ್ರಿ ಏಳೂವರೆಗೆ ಒಮ್ಮೆ ನಡೆಯಿರಿ. ಎರಡು ಬೇರೆ ಬೇರೆ ಊರಿನ ಹಾಗೆ ಕಾಣುತ್ತದೆ, ನೋಡಿ. ಜೊತೆಗೆ ಮಂಡಿನೋವು ಇರುವ ಅಜ್ಜಿ ಒಬ್ಬರು ಬಂದರೆ ಇನ್ನೂ ಒಳ್ಳೆಯದು. ನಮಗೆ ಎಂಟು ನಿಮಿಷ ಆಗಿದ್ದ ದಾರಿ ಅವರಿಗೆ ಇಪ್ಪತ್ತೆರಡು ನಿಮಿಷ ಆಯಿತು. ನೋಟ್‌ಬುಕ್‌ನಲ್ಲಿ ಇಪ್ಪತ್ತೆರಡು ಅಂತಲೇ ಬರೆದೆವು.

ಆಮೇಲೆ ಬೆಲೆ. ಹತ್ತು ಪದಾರ್ಥ ಆರಿಸಿಕೊಳ್ಳಿ: ಒಂದು ಕಟ್ಟು ಸೊಪ್ಪು, ಬೀನ್ಸ್, ಟೊಮೆಟೊ, ಈರುಳ್ಳಿ, ತೊಗರಿಬೇಳೆ, ಹೆಸರುಕಾಳು, ರಾಗಿ, ಮೊಟ್ಟೆ, ಹಾಲು, ಬಾಳೆಹಣ್ಣು. ಒಣಮೀನು ತಿನ್ನುವ ಕೇರಿಯಾದರೆ ಅದನ್ನೂ ಸೇರಿಸಿ. ಜನ ತಿನ್ನುವುದನ್ನು ಬಿಟ್ಟು ನಮಗೆ ಸರಿ ಅನಿಸುವುದನ್ನು ಪಟ್ಟಿ ಮಾಡಬಾರದು. ಇವನ್ನು ಮೂಲೆ ಅಂಗಡಿಯಲ್ಲಿ, ಊರ ನಡುವಿನ ಮಾರ್ಕೆಟ್‌ನಲ್ಲಿ, ಸಂತೆಯಲ್ಲಿ, ಹತ್ತಿರ ಹಾಪ್‌ಕಾಮ್ಸ್ (ತೋಟಗಾರಿಕೆ ಬೆಳೆಗಾರರ ಸಹಕಾರ ಸಂಘದ ಅಂಗಡಿ) ಇದ್ದರೆ ಅಲ್ಲೂ ಒಂದೇ ದಿನ ಕೇಳಿ ಬರೆಯಿರಿ. ಬಡವರ ಬೀದಿಯ ಅಂಗಡಿಯಲ್ಲೇ ಬೆಲೆ ಜಾಸ್ತಿ ಇರುವುದು ಬಹಳ ಕಡೆ ಕಾಣುತ್ತದೆ. ಅಂಗಡಿಯವರದ್ದು ಸಣ್ಣ ವ್ಯಾಪಾರ, ಆಟೊ ಬಾಡಿಗೆಯೂ ಅದರಲ್ಲೇ ಹುಟ್ಟಬೇಕು. ಅವರನ್ನು ಬೈದು ಪ್ರಯೋಜನ ಇಲ್ಲ.

ಇನ್ನು ಒಂದು ಸಣ್ಣ ಲೆಕ್ಕ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2024ರಲ್ಲಿ ಕೊಟ್ಟ ಸಲಹೆಯಂತೆ ದೊಡ್ಡವರೊಬ್ಬರಿಗೆ ದಿನಕ್ಕೆ ಸುಮಾರು 400 ಗ್ರಾಂ ತರಕಾರಿ, 100 ಗ್ರಾಂ ಹಣ್ಣು ಬೇಕು. ನಾಲ್ಕು ಜನರ ಮನೆಗೆ 1.6 ಕೆಜಿ ತರಕಾರಿ, 400 ಗ್ರಾಂ ಹಣ್ಣು. ತರಕಾರಿ ಕೆಜಿಗೆ 40 ರೂಪಾಯಿ, ಬಾಳೆಹಣ್ಣು 50 ರೂಪಾಯಿ ಅಂತ ಹಿಡಿದರೆ ದಿನಕ್ಕೆ 84 ರೂಪಾಯಿ, ತಿಂಗಳಿಗೆ 2,520. ಮನೆಗೆ ಹನ್ನೆರಡು ಸಾವಿರ ಬರುತ್ತಿದ್ದರೆ ಅದರಲ್ಲಿ ಐದನೇ ಒಂದು ಭಾಗ ಇದಕ್ಕೇ ಹೋಯಿತು. ಬೇಳೆ, ಹಾಲು, ಗ್ಯಾಸ್, ಬಾಡಿಗೆ ಇನ್ನೂ ಬಾಕಿ ಇದೆ. ನಿಮ್ಮೂರಿನ ಬೆಲೆ ಹಾಕಿ ಇದೇ ಲೆಕ್ಕ ಮಾಡಿ ಒಂದು ಹಾಳೆಯಲ್ಲಿ ಬರೆದಿಡಿ. ಮುಂದೆ ಯಾವ ಅಧಿಕಾರಿಯ ಮುಂದೆ ಕೂತರೂ ಈ ಹಾಳೆ ನಿಮ್ಮ ಕೈಯಲ್ಲಿರಲಿ.

3. ಬರಬೇಕಾದ್ದು ಬರುತ್ತಿದೆಯಾ ನೋಡಿ

ಹೊಸದು ಕೇಳುವ ಮುಂಚೆ, ಈಗಾಗಲೇ ಹಕ್ಕಿನಿಂದ ಸಿಗಬೇಕಾದ್ದನ್ನು ಎಣಿಸಿ. ಬಹಳ ಊರುಗಳಲ್ಲಿ ಅರ್ಧ ಕೆಲಸ ಇಲ್ಲೇ ಮುಗಿಯುತ್ತದೆ.

ರೇಷನ್: 2013ರ ರಾಷ್ಟ್ರೀಯ ಆಹಾರ ಭದ್ರತಾ ಕಾಯ್ದೆಯಡಿ ಆದ್ಯತಾ ಕುಟುಂಬದ ಕಾರ್ಡಿಗೆ, ಅಂದರೆ ನಾವು ಬಿಪಿಎಲ್ ಅನ್ನುವ ಕಾರ್ಡಿಗೆ, ತಲಾ 5 ಕೆಜಿ ಧಾನ್ಯ. ಅಂತ್ಯೋದಯ ಕಾರ್ಡಿಗೆ ಮನೆಗೆ 35 ಕೆಜಿ. ರಾಜ್ಯದ ಅನ್ನಭಾಗ್ಯದ್ದು ಇದರ ಮೇಲೆ. ಮನೆಮನೆಗೆ ಹೋದಾಗ ಮೂರು ಸಂಗತಿ ಕೇಳಿ. ಕಾರ್ಡಿನಲ್ಲಿ ಎಲ್ಲರ ಹೆಸರಿದೆಯಾ? ಮದುವೆಯಾಗಿ ಬಂದ ಸೊಸೆ, ಹೊಸದಾಗಿ ಹುಟ್ಟಿದ ಮಗು ಎಷ್ಟೋ ಕಡೆ ಬಿಟ್ಟುಹೋಗಿರುತ್ತಾರೆ. ಯಾರದಾದರೂ ಹೆಬ್ಬೆಟ್ಟು ಮೆಷಿನ್‌ನಲ್ಲಿ ಬೀಳುತ್ತಿಲ್ಲವಾ? ಗಾರೆ ಕೆಲಸದವರಿಗೂ ವಯಸ್ಸಾದವರಿಗೂ ಈ ತೊಂದರೆ ಜಾಸ್ತಿ. ಬೇರೆ ಜಿಲ್ಲೆಯಿಂದ ಕೆಲಸಕ್ಕೆ ಬಂದವರು ಯಾರಿದ್ದಾರೆ? ಯಾದಗಿರಿಯ ಕಾರ್ಡ್ ಇಟ್ಟುಕೊಂಡು ಇಲ್ಲಿಯ ನ್ಯಾಯಬೆಲೆ ಅಂಗಡಿಯಲ್ಲೇ ರೇಷನ್ ತಗೊಳ್ಳಬಹುದು. ಇದು ಗೊತ್ತಿಲ್ಲದೆ ಕಿರಾಣಿ ಅಂಗಡಿಯಲ್ಲಿ ಪೂರ್ತಿ ದುಡ್ಡು ಕೊಟ್ಟು ಅಕ್ಕಿ ತರುವ ಕಟ್ಟಡ ಕಾರ್ಮಿಕರನ್ನು ನಾನು ಕಂಡಿದ್ದೇನೆ. ದೂರು ಹೇಳಲು 1967ಕ್ಕೆ ಫೋನ್ ಮಾಡಿ. ಫೋನಿನ ಜೊತೆಗೆ ತಾಲ್ಲೂಕು ಕಚೇರಿಯ ಆಹಾರ ಶಾಖೆಗೆ ಬರವಣಿಗೆಯಲ್ಲೂ ಕೊಡಿ.

ಅಂಗನವಾಡಿ: ಮಾತೃಪೂರ್ಣ ಯೋಜನೆಯಡಿ ಗರ್ಭಿಣಿ, ಬಾಣಂತಿಯರಿಗೆ ಮಧ್ಯಾಹ್ನದ ಬಿಸಿ ಊಟ ಅಲ್ಲೇ ಕೊಡಬೇಕು. ಆದರೆ ಕೂಲಿಗೆ ಹೋಗುವ ಗರ್ಭಿಣಿ ಮಧ್ಯಾಹ್ನ ಹನ್ನೆರಡೂವರೆಗೆ ಅಂಗನವಾಡಿಗೆ ಹೇಗೆ ಬರುತ್ತಾರೆ? ಅಂಗನವಾಡಿ ನೋಡಿಕೊಳ್ಳುವ ಬಾಲ ವಿಕಾಸ ಸಮಿತಿಯ ಸಭೆಯಲ್ಲಿ ಇದನ್ನೇ ಎತ್ತಿ. ಯಾರು ಬರುತ್ತಿಲ್ಲ, ಯಾಕೆ ಬರುತ್ತಿಲ್ಲ ಅನ್ನುವ ಪಟ್ಟಿ ಮೇಲ್ವಿಚಾರಕಿಯವರಿಗೆ ಹೋಗಲಿ.

ಶಾಲೆ: ಬಿಸಿಯೂಟ, ಹಾಲು, ಜೊತೆಗೆ 2024ರಿಂದ 1ರಿಂದ 10ನೇ ತರಗತಿವರೆಗಿನ ಮಕ್ಕಳಿಗೆ ವಾರಕ್ಕೆ ಆರು ದಿನ ಮೊಟ್ಟೆ, ಮೊಟ್ಟೆ ತಿನ್ನದವರಿಗೆ ಬಾಳೆಹಣ್ಣು. ತಿಂಗಳಿಗೊಮ್ಮೆ ಶಾಲಾಭಿವೃದ್ಧಿ ಸಮಿತಿ, ಅಂದರೆ ಎಸ್‌ಡಿಎಂಸಿಯವರ ಜೊತೆ ಹೋಗಿ ಮಕ್ಕಳ ಪಕ್ಕ ಕೂತು ಊಟ ಮಾಡಿ ಬನ್ನಿ. ಸಾಂಬಾರಿನಲ್ಲಿ ತರಕಾರಿ ಕೈಗೆ ಸಿಗುತ್ತದಾ, ಸೊಪ್ಪು ವಾರಕ್ಕೆ ಎಷ್ಟು ದಿನ ಬೀಳುತ್ತದೆ ಅಂತ ನೋಡಿ. ಅಡುಗೆಯವರನ್ನು ತಪಾಸಣೆ ಮಾಡುವವರ ಹಾಗೆ ಮಾತಾಡಿಸಬೇಡಿ. ಕಡಿಮೆ ಸಂಬಳಕ್ಕೆ ನೂರಾರು ಮಕ್ಕಳಿಗೆ ಬೇಯಿಸುವ ಹೆಣ್ಣುಮಕ್ಕಳು ಅವರು. ತರಕಾರಿ ಯಾಕೆ ಕಡಿಮೆ ಅಂತ ಕೇಳಿದರೆ ನಿಜವಾದ ಕಾರಣ ಹೇಳುವವರೂ ಅವರೇ.

ಪಟ್ಟಣವಾದರೆ ಇಂದಿರಾ ಕ್ಯಾಂಟೀನ್ ಇದೆಯಾ ನೋಡಿ. 2017ರ ಆಗಸ್ಟ್‌ನಲ್ಲಿ ಬೆಂಗಳೂರಿನಲ್ಲಿ ಶುರುವಾದಾಗ ತಿಂಡಿ 5 ರೂಪಾಯಿ, ಊಟ 10 ರೂಪಾಯಿ ಇತ್ತು. ಕ್ಯಾಂಟೀನ್ ಬಸ್ ಸ್ಟ್ಯಾಂಡ್ ಹತ್ತಿರ, ದಿನಗೂಲಿಯವರು ನಿಲ್ಲುವ ಸರ್ಕಲ್ ಹತ್ತಿರ ಇದ್ದರೆ ಮಾತ್ರ ಉಪಯೋಗ.

4. ತರಕಾರಿಯನ್ನು ಜನರ ಹೊತ್ತಿಗೆ ತನ್ನಿ

ಮೊದಲಿಗೆ ಹೊಸ ಅಂಗಡಿ ತೆರೆಯೋಣ ಅಂತ ನಾವೂ ಯೋಚನೆ ಮಾಡಿದ್ದೆವು. ಆಮೇಲೆ ತಳ್ಳುಗಾಡಿಯ ಅಣ್ಣನ ಹತ್ತಿರ ಕೂತು ಮಾತಾಡಿದೆವು. ಅವರು ಬೆಳಿಗ್ಗೆ ನಾಲ್ಕಕ್ಕೆ ಎದ್ದು ಮಂಡಿಯಿಂದ ಮಾಲು ತಂದು, ಹನ್ನೊಂದಕ್ಕೆ ವ್ಯಾಪಾರ ಮುಗಿಸಿ ಮಲಗುತ್ತಾರೆ. ಸಂಜೆ ಬನ್ನಿ ಅಂದರೆ, "ಸೊಪ್ಪು ಬಾಡೋಗುತ್ತೆ, ಉಳಿದ್ರೆ ನಂಗೇ ಲಾಸು" ಅಂದರು. ಅವರ ಮಾತು ಸರಿಯಾಗಿಯೇ ಇತ್ತು.

ಹಾಗಾಗಿ ವ್ಯವಸ್ಥೆ ಹೀಗಾಯಿತು. ವ್ಯಾನಿನಲ್ಲಿ ಬರುವವರು, ಅಕ್ಕಪಕ್ಕದ ಮನೆಯವರು ಹಿಂದಿನ ದಿನ ರಾತ್ರಿಯೇ ಏನು ಬೇಕು ಅಂತ ವಾಟ್ಸಾಪ್‌ನಲ್ಲಿ ಹಾಕುವುದು. ಒಬ್ಬರು ಅದನ್ನು ಕೂಡಿಸಿ ತಳ್ಳುಗಾಡಿಯ ಅಣ್ಣನಿಗೆ ಹೇಳುವುದು. ಅಣ್ಣನ ಮನೆಯವರು ಸಂಜೆ ಆರೂಮುಕ್ಕಾಲಿಗೆ ಒದ್ದೆ ಗೋಣಿಚೀಲದಲ್ಲಿ ಸುತ್ತಿಟ್ಟ ಸೊಪ್ಪನ್ನು ತಿರುವಿಗೆ ತಂದು ನಿಲ್ಲುವುದು. ಕೇಳಿದಷ್ಟೇ ತರುವುದರಿಂದ ಉಳಿಯುವುದಿಲ್ಲ. ಸ್ಮಾರ್ಟ್‌ಫೋನ್ ಇಲ್ಲದವರು ಅಂಗನವಾಡಿ ಗೋಡೆಯ ಹಾಳೆಯಲ್ಲಿ ಗೀಟು ಹಾಕುತ್ತಾರೆ. ಮೊದಲ ವಾರ ಆರು ಮನೆ ಮಾತ್ರ ಹೇಳಿದ್ದವು. ಮೂರನೇ ತಿಂಗಳಿಗೆ ಇಪ್ಪತ್ತು ದಾಟಿತು. ದುಡ್ಡು ಆಯಾ ದಿನವೇ ಕೊಡಬೇಕು ಅನ್ನುವ ನಿಯಮ ಮೊದಲೇ ಮಾಡಿಕೊಳ್ಳಿ. ಸಾಲ ಬೆಳೆದರೆ ಎರಡೇ ತಿಂಗಳಲ್ಲಿ ಎಲ್ಲಾ ನಿಂತುಹೋಗುತ್ತದೆ.

ಗಾಡಿ ನಿಲ್ಲಿಸಲು ಜಾಗದ ತಕರಾರು ಖಂಡಿತ ಬರುತ್ತದೆ. 2014ರ ಬೀದಿ ಬದಿ ವ್ಯಾಪಾರಿಗಳ ಕಾಯ್ದೆ ಅವರ ಬೆನ್ನಿಗಿದೆ. ಪ್ರತಿ ಪಟ್ಟಣದಲ್ಲೂ ಪಟ್ಟಣ ವ್ಯಾಪಾರ ಸಮಿತಿ ಇರಬೇಕು. ಅದರಲ್ಲಿ ಕನಿಷ್ಠ ಶೇ. 40ರಷ್ಟು ಜನ ವ್ಯಾಪಾರಿಗಳೇ ಆಗಿರಬೇಕು, ಆ ವ್ಯಾಪಾರಿ ಸದಸ್ಯರಲ್ಲಿ ಮೂರನೇ ಒಂದು ಭಾಗ ಹೆಂಗಸರಿರಬೇಕು. ವ್ಯಾಪಾರಿಗಳ ಸಮೀಕ್ಷೆ ಮುಗಿದು ಪ್ರಮಾಣಪತ್ರ ಕೊಡುವ ತನಕ ಯಾರನ್ನೂ ಎಬ್ಬಿಸುವ ಹಾಗಿಲ್ಲ. ನಿಮ್ಮ ವ್ಯಾಪಾರಿಗೆ ಗುರುತಿನ ಚೀಟಿ ಇಲ್ಲದಿದ್ದರೆ ಪುರಸಭೆಯಲ್ಲಿ ಮೊದಲು ಆ ಅರ್ಜಿ ಹಾಕಿಸಿ.

ಹಳ್ಳಿಯಲ್ಲಿದ್ದರೆ ಸಂತೆಯ ಕಡೆ ಗಮನ ಕೊಡಿ. ನೆರಳು, ಕುಡಿಯುವ ನೀರು, ಹೆಂಗಸರಿಗೆ ಶೌಚಾಲಯ ಇಷ್ಟಿದ್ದರೆ ಸುತ್ತಲ ರೈತ ಹೆಣ್ಣುಮಕ್ಕಳು ತಾವೇ ಸೊಪ್ಪು, ಕಾಯಿಪಲ್ಯ ತಂದು ಕೂರುತ್ತಾರೆ. 2023ರ ಜೂನ್‌ನಿಂದ ಶಕ್ತಿ ಯೋಜನೆಯಲ್ಲಿ ಹೆಂಗಸರಿಗೆ ಬಸ್ಸು ಉಚಿತವಾದ ಮೇಲೆ ಸಂತೆಗೆ ಹೋಗಿಬರುವ ಖರ್ಚು ತಪ್ಪಿದೆ. ಆ ಹೊತ್ತಿಗೆ ಬಸ್ಸು ಇದೆಯಾ ಅನ್ನುವುದೊಂದೇ ನೋಡಬೇಕಾದ್ದು. ಇಲ್ಲದಿದ್ದರೆ ಡಿಪೊಗೆ ಅರ್ಜಿ ಕೊಡಿ.

ಹಿತ್ತಲು ಇದ್ದವರು ನುಗ್ಗೆ, ಬಸಳೆ, ಚಕ್ರಮುನಿ ಹಾಕಲಿ. ಮೂರೂ ಒಮ್ಮೆ ಬೇರು ಬಿಟ್ಟರೆ ಜಾಸ್ತಿ ಆರೈಕೆ ಕೇಳುವುದಿಲ್ಲ. ಶಾಲೆ, ಅಂಗನವಾಡಿಯಲ್ಲಿ ಪೌಷ್ಟಿಕ ತೋಟ ಮಾಡುವುದಾದರೆ ಬೇಸಿಗೆ ರಜೆಯಲ್ಲಿ ನೀರು ಹಾಕುವವರು ಯಾರು ಅಂತ ಮೊದಲು ತೀರ್ಮಾನಿಸಿ. ಬಾಡಿಗೆ ವಠಾರದಲ್ಲಿ ಇರುವವರಿಗೆ ಕೈತೋಟದ ಉಪದೇಶ ದಯವಿಟ್ಟು ಬೇಡ.

5. ಆಡೋಕೆ, ನಡೆಯೋಕೆ ಜಾಗ

ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ ಮಕ್ಕಳಿಗೆ ದಿನಕ್ಕೆ ಸರಾಸರಿ 60 ನಿಮಿಷ, ದೊಡ್ಡವರಿಗೆ ವಾರಕ್ಕೆ ಕನಿಷ್ಠ 150 ನಿಮಿಷ ಮೈ ಬಗ್ಗಿಸುವ ಚಟುವಟಿಕೆ ಬೇಕು. ಇದನ್ನು ಎಲ್ಲರಿಗೂ ಒಂದೇ ತಕ್ಕಡಿಯಲ್ಲಿ ತೂಗಬೇಡಿ. ಇಟ್ಟಿಗೆ ಹೊರುವವರಿಗೆ ಬೇಕಾಗಿರುವುದು ವಿಶ್ರಾಂತಿ. ದಿನಕ್ಕೆ ಎಂಟು ಗಂಟೆ ಹೊಲಿಗೆ ಮೆಷಿನ್ ಮುಂದೆ ಕೂತವರಿಗೆ, ಆಟೊ ಓಡಿಸುವವರಿಗೆ, ಪಿಯುಸಿ ಓದುವ ಹುಡುಗಿಗೆ ನಡಿಗೆ, ಆಟ ಬೇಕು. ಹಾಗಾಗಿ ಯಾರಿಗೆ ಏನು ಬೇಕು ಅಂತ ಮೊದಲು ಕೇಳಿ.

ಹೊಸ ಪಾರ್ಕಿಗೆ ಜಾಗ ಹುಡುಕುತ್ತಾ ವರ್ಷ ಕಳೆಯುವುದಕ್ಕಿಂತ, ಬೀಗ ಹಾಕಿರುವ ಜಾಗವನ್ನು ತೆರೆಸುವುದು ಸುಲಭ. ನಮ್ಮಲ್ಲಿ ಅದು ಶಾಲೆಯ ಮೈದಾನ. ಸಂಜೆ ನಾಲ್ಕೂವರೆಗೆ ಗೇಟಿಗೆ ಬೀಗ ಬೀಳುತ್ತಿತ್ತು. ಗಂಡುಮಕ್ಕಳು ಕಾಂಪೌಂಡ್ ಹಾರಿ ಒಳಗೆ ಕ್ರಿಕೆಟ್ ಆಡುತ್ತಿದ್ದರು. ಹೆಣ್ಣುಮಕ್ಕಳು ಹಾರಲಾರರು, ಹಾರಲು ಬಿಡುವವರೂ ಇಲ್ಲ. ಮುಖ್ಯ ಶಿಕ್ಷಕರಿಗೆ ಅವರದ್ದೇ ಆತಂಕ ಇತ್ತು: ಕಿಟಕಿ ಒಡೆದರೆ, ರಾತ್ರಿ ಯಾರಾದರೂ ಕುಡಿದು ಬಾಟಲಿ ಬಿಸಾಕಿದರೆ ಯಾರು ಹೊಣೆ?

ಆ ಪ್ರಶ್ನೆಗೆ ಉತ್ತರ ತಗೊಂಡೇ ಹೋಗಿ. ಗೇಟಿನ ಕೀ ಯಾರ ಹತ್ತಿರ, ಎಷ್ಟು ಗಂಟೆಯಿಂದ ಎಷ್ಟು ಗಂಟೆವರೆಗೆ, ಕಸ ತೆಗೆಯುವವರು ಯಾರು, ಏನಾದರೂ ಒಡೆದರೆ ಕಟ್ಟಿಕೊಡುವವರು ಯಾರು. ಈ ನಾಲ್ಕನ್ನೂ ಬರೆದು ಎಸ್‌ಡಿಎಂಸಿ ಸಭೆಯ ನಡಾವಳಿಯಲ್ಲಿ ದಾಖಲಿಸಿ ಸಹಿ ಮಾಡಿಸಿ. ಎರಡು ಕೀ ಮಾಡಿಸಿ. ಒಂದು ಗೇಟಿನ ಎದುರು ಮನೆಯವರ ಹತ್ತಿರ ಇರಲಿ.

ಗೇಟು ತೆಗೆದ ಮಾತ್ರಕ್ಕೆ ಎಲ್ಲರೂ ಒಳಗೆ ಬರುವುದಿಲ್ಲ. ಮೊದಲ ತಿಂಗಳು ಇಡೀ ಮೈದಾನವನ್ನು ಕ್ರಿಕೆಟ್ಟೇ ನುಂಗಿತು. ಆಮೇಲೆ ಹೊತ್ತು ಹಂಚಿದೆವು. ವಾರದಲ್ಲಿ ಮೂರು ಸಂಜೆ ಐದರಿಂದ ಆರೂವರೆ ಹೆಣ್ಣುಮಕ್ಕಳ ಖೋಖೋ, ಕಬಡ್ಡಿಗೆ. ಬೆಳಿಗ್ಗೆ ಆರರಿಂದ ಏಳೂವರೆ ನಡೆಯುವವರಿಗೆ. ಒಂದು ಅಂಚಿನಲ್ಲಿ ಸಣ್ಣ ಮಕ್ಕಳಿಗೆ ಲಗೋರಿ, ಕುಂಟೆಬಿಲ್ಲೆಗೆ ಸುಣ್ಣದ ಗೆರೆ. ಹೆಣ್ಣುಮಕ್ಕಳು ಬರಲು ಇನ್ನೂ ಎರಡು ಬೇಕಾಯಿತು: ಗೇಟಿನ ಬಳಿ ಒಂದು ದೀಪ, ಶಾಲೆಯ ಶೌಚಾಲಯದ ಕೀ. ಬೇರೆ ಏನು ಮರೆತರೂ ಇವೆರಡನ್ನು ಮರೆಯಬೇಡಿ. ವಯಸ್ಸಾದವರು ಬರಬೇಕಾದರೆ ನಡುವೆ ಕೂರಲು ಕಲ್ಲು ಬೆಂಚು ಬೇಕು. ಗಾಲಿ ಕುರ್ಚಿ ಒಳಗೆ ಬರಬೇಕಾದರೆ ಗೇಟಿನ ಅಡ್ಡಗಂಬಿ ತೆಗೆಸಬೇಕು.

ನಿಮ್ಮಲ್ಲಿ ಪಾರ್ಕಿನ ಅಥವಾ ಆಟದ ಮೈದಾನದ ಜಾಗವನ್ನು ಬೇರೆ ಯಾವುದಕ್ಕೋ ಬಳಸಲು ಹೊರಟಿದ್ದರೆ, 1985ರ ಕರ್ನಾಟಕ ಉದ್ಯಾನ, ಆಟದ ಮೈದಾನ ಮತ್ತು ಬಯಲು ಜಾಗಗಳ ಸಂರಕ್ಷಣಾ ಕಾಯ್ದೆ ಇದೆ. ಜಾಗ ಆ ಪಟ್ಟಿಯಲ್ಲಿದೆಯಾ ಅಂತ ಮಾಹಿತಿ ಹಕ್ಕಿನಲ್ಲಿ ಕೇಳಿ. ಹತ್ತು ರೂಪಾಯಿ ಶುಲ್ಕ, 30 ದಿನದೊಳಗೆ ಉತ್ತರ ಕೊಡಬೇಕು.

6. ಅರ್ಜಿ ಬರೆಯುವ ಬಗೆ

"ನಮ್ಮ ವಾರ್ಡಿಗೆ ಮೂಲಸೌಕರ್ಯ ಒದಗಿಸಿ" ಅಂತ ಬರೆದರೆ ಅದು ಕಡತ ಸೇರಿ ಅಲ್ಲೇ ಉಳಿಯುತ್ತದೆ. ಒಂದು ಅರ್ಜಿ, ಒಂದೇ ಕೆಲಸ, ಒಂದು ಲೆಕ್ಕ. ಹೀಗೆ:

"ಅಂಗನವಾಡಿಯಿಂದ ಶಾಲೆಯ ಗೇಟಿನವರೆಗಿನ ರಸ್ತೆಯಲ್ಲಿ 11 ಕಂಬಗಳಿದ್ದು, 7ರಲ್ಲಿ ದೀಪ ಉರಿಯುತ್ತಿಲ್ಲ. ಕಂಬಗಳ ಸಂಖ್ಯೆ ಲಗತ್ತಿಸಿದೆ. ಸಂಜೆ 6.30ರ ನಂತರ ಈ ದಾರಿಯಲ್ಲಿ ನಡೆಯುವ 43 ಮಹಿಳೆಯರ ಸಹಿ ಇದೆ. 15 ದಿನದೊಳಗೆ ದುರಸ್ತಿ ಮಾಡಿಸಿ, ಕೈಗೊಂಡ ಕ್ರಮ ತಿಳಿಸಬೇಕಾಗಿ ವಿನಂತಿ."

ಎರಡು ಪ್ರತಿ ತಗೊಂಡು ಹೋಗಿ, ನಿಮ್ಮ ಪ್ರತಿಯ ಮೇಲೆ ಸ್ವೀಕೃತಿ ಮೊಹರು ಹಾಕಿಸಿಕೊಳ್ಳಿ. ನಮ್ಮ ಮೊದಲ ಅರ್ಜಿಗೆ ಮೊಹರು ಹಾಕಿಸಿರಲಿಲ್ಲ. ಎರಡು ತಿಂಗಳು ಬಿಟ್ಟು ಹೋದರೆ, ಅಂಥ ಅರ್ಜಿ ಬಂದೇ ಇಲ್ಲ ಅಂದರು. ಮತ್ತೆ ಮೊದಲಿನಿಂದ ಸಹಿ ಹಾಕಿಸಬೇಕಾಯಿತು.

ಹೊತ್ತೂ ಮುಖ್ಯ. ಪಂಚಾಯಿತಿಯಲ್ಲಿ ಮುಂದಿನ ವರ್ಷದ ಯೋಜನೆ ಮಾಡುವ ಗ್ರಾಮಸಭೆಗಳು ಅಕ್ಟೋಬರ್‌ನಿಂದ ಶುರುವಾಗುತ್ತವೆ. ಪುರಸಭೆಗಳು ಬಜೆಟ್‌ಗೆ ಮುಂಚೆ ಸಾರ್ವಜನಿಕರ ಪೂರ್ವಭಾವಿ ಸಭೆ ಕರೆಯುತ್ತವೆ. ಮಾರ್ಚ್‌ನಲ್ಲಿ ಹೋಗಿ ಕೇಳಿದರೆ "ಆಗಲೇ ಮುಗೀತಲ್ಲ" ಅನ್ನುತ್ತಾರೆ. ಮಕ್ಕಳ ಗ್ರಾಮಸಭೆಯಲ್ಲಿ ಮೈದಾನದ ವಿಷಯವನ್ನು ಮಕ್ಕಳೇ ಎತ್ತಲಿ. ಪಂಚಾಯಿತಿ ಅಭಿವೃದ್ಧಿ ಅಧಿಕಾರಿ (ಪಿಡಿಒ) ಮುಂದೆ ಏಳನೇ ಕ್ಲಾಸಿನ ಹುಡುಗಿ ಎದ್ದು ನಿಂತು ಕೇಳಿದ ಪ್ರಶ್ನೆಯನ್ನು ತಳ್ಳಿಹಾಕುವುದು ಕಷ್ಟ. ಸಣ್ಣ ಖರ್ಚಿಗೆ ಗ್ರಾಮ ಆರೋಗ್ಯ, ನೈರ್ಮಲ್ಯ ಮತ್ತು ಪೌಷ್ಟಿಕ ಸಮಿತಿಯ ಮುಕ್ತನಿಧಿ, ಅಂದರೆ ಊರಿನ ಅಗತ್ಯ ನೋಡಿ ಸಮಿತಿಯೇ ಖರ್ಚು ಮಾಡಬಹುದಾದ ದುಡ್ಡು, ಇದೆ. ಎಷ್ಟು ಬಂದಿದೆ, ಯಾವುದಕ್ಕೆ ಹೋಗಿದೆ ಅಂತ ಆಶಾ ಕಾರ್ಯಕರ್ತೆಯನ್ನು ಕೇಳಿ.

7. ಮತ್ತೆ ಅದೇ ದಾರಿ ನಡೆಯಿರಿ

ಆರು ತಿಂಗಳಿಗೊಮ್ಮೆ ಅದೇ ಕೊನೆಯ ಮನೆಯಿಂದ, ಅದೇ ಅಜ್ಜಿಯ ಜೊತೆ, ಅದೇ ಹತ್ತು ಪದಾರ್ಥದ ಪಟ್ಟಿ ಹಿಡಿದು ಹೋಗಿ. ಹೊಸ ಅಂಕಿಗಳನ್ನು ಹಳೆಯದರ ಪಕ್ಕದಲ್ಲೇ ಬರೆಯಿರಿ. ಎಷ್ಟು ಸಭೆ ಮಾಡಿದಿರಿ, ಎಷ್ಟು ಫೋಟೊ ತೆಗೆದಿರಿ ಅನ್ನುವುದನ್ನು ಲೆಕ್ಕಕ್ಕೆ ಹಿಡಿಯಬೇಡಿ. ರಾತ್ರಿ ಏಳೂವರೆಗೆ ಸೊಪ್ಪು ಸಿಕ್ಕಿತಾ, ಮೈದಾನದಲ್ಲಿ ಎಷ್ಟು ಹೆಣ್ಣುಮಕ್ಕಳಿದ್ದರು, ರೇಷನ್ ಕಾರ್ಡಿಗೆ ಎಷ್ಟು ಹೆಸರು ಸೇರಿತು, ಇವನ್ನು ಬರೆಯಿರಿ. ಕೆಲಸ ಆದ ಮೇಲೂ ಬಾರದವರು ಯಾರು ಅಂತ ನೋಡಿ, ಅವರ ಮನೆಗೆ ಹೋಗಿ ಕೂತು ಮಾತಾಡಿ. ನಮ್ಮಲ್ಲಿ ಹಾಗೆ ಹೋದಾಗ ತಿಳಿದದ್ದು, ವಠಾರದ ನಾಲ್ಕು ಮನೆಗಳಿಗೆ ಸೊಪ್ಪು ತೊಳೆಯಲು ಸಂಜೆ ನೀರೇ ಬರುವುದಿಲ್ಲ ಅಂತ. ನಲ್ಲಿ ಬಿಡುವುದು ಬೆಳಿಗ್ಗೆ ಹತ್ತಕ್ಕೆ, ಅವರು ಫ್ಯಾಕ್ಟರಿಯಲ್ಲಿರುವಾಗ. ಈಗ ನೀರು ಬಿಡುವ ವೇಳೆ ಬದಲಾಯಿಸಿ ಅಂತ ಅರ್ಜಿ ಕೊಟ್ಟಿದ್ದೇವೆ, ಎರಡು ಪ್ರತಿ, ಮೊಹರು ಹಾಕಿಸಿ.